ಹನ್ನೆರಡರಲ್ಲಿ ಏಳು

ತಗಡಿನ ಅಂಚನ್ನು ಅರದಿಂದ ಉಜ್ಜಬೇಕು ಮೊದಲು,
ಇಲ್ಲದಿದ್ದರೆ ಕಾಗದ ಹರಿಯುತ್ತದೆ, ಹಾಸಿದ ಕಂಬಳಿಯೂ.
ಸೀಮೆಸುಣ್ಣದ ಪುಡಿ ಹಚ್ಚಿ ತಿಕ್ಕಿ ತೊಳೆದು
ನೀರು ಹನಿಗಟ್ಟದೆ ಒಂದೇ ಪರದೆಯಾಗಿ ಇಳಿದರೆ
ಜಿಡ್ಡು ಹೋಯಿತು ಅಂತ ಲೆಕ್ಕ.
ಆಮೇಲೆ ಮೇಣ. ಮೇಣಕ್ಕೆ ಹೊಗೆ.

ಎಲ್ಲರೂ ಮೋಂಬತ್ತಿ ಹಿಡಿಯುತ್ತಾರೆ. ನಾನು
ತಗಡನ್ನು ಬೋರಲಾಗಿ ಹಿಡಿದು ಗೋಡೆಯಾಚೆಯ
ಮಂಡಕ್ಕಿ ಭಟ್ಟಿಗೆ ನಡೆದೆ, ಹೊಗೆಗಂಡಿಗೆ ಒಡ್ಡಿದೆ.
ಹೊಟ್ಟು, ಜಾಲಿ, ಹಳೇ ಟೈರಿನ ತುಂಡು –
ಎರಡು ಉಸಿರಿಗೆ ಕಪ್ಪಾಯಿತು.
ದಾವಣಗೆರೆಯಲ್ಲಿ ಮಸಿಗೆ ಕಾಸು ಕೊಟ್ಟವರುಂಟೆ?
ಒಗೆದ ಬಟ್ಟೆಯ ಮೇಲೆ ತಾನೇ ಬಂದು ಕೂರುತ್ತದೆ.

ಅಲ್ಲೇ ಕೂತು ಗೀರಿದೆ, ಛತ್ರಿಕಡ್ಡಿಗೆ ಬಿಗಿದ ಸೂಜಿಯಲ್ಲಿ:
ಜೈತೂನಬಿ ಬಾಣಲೆಯ ಮುಂದೆ, ಬೆನ್ನು ತುಸು ಓರೆ,
ಎಡಗೈಯಲ್ಲಿ ಕಡ್ಡಿಯ ಕಟ್ಟು,
ಕಾದ ಮರಳು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ.
ಹಿಡಿ ಅಕ್ಕಿ ಬಿದ್ದು ಚಿಟಪಟ ಬೆಳ್ಳಗೆ ಎದ್ದು
ಜರಡಿ ಏರುವಷ್ಟರಲ್ಲಿ ನನ್ನದು ಒಂದೇ ಗೆರೆ,
ಮೊಣಕೈಯಿಂದ ಮಣಿಕಟ್ಟಿನವರೆಗೆ.
ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಶೆಡ್ಡಿನ ಕಿಟಕಿ ತೆರೆದು, ಮೂಗಿಗೆ ವೇಲು ಸುತ್ತಿ
ಆ್ಯಸಿಡ್ಡಿಗೆ ಇಳಿಸಿದೆ.
ಗೆರೆಗಳ ಮೇಲೆ ಕೂರುವ ಗುಳ್ಳೆಗಳನ್ನು
ಕೋಳಿಪುಕ್ಕದಿಂದ ಸವರುತ್ತ ನಿಮಿಷ ಎಣಿಸುವುದು.
ಸೆರಗಿಗೆ ನಾಲ್ಕು. ಬೆಂಕಿಗೆ ಇಪ್ಪತ್ತು.
ಮುಂಗೈಯ ಆ ಸುಟ್ಟ ಕಲೆಗೆ ಎಷ್ಟೆಂದು ತಿಳಿಯದೆ
ಒಂಬತ್ತಕ್ಕೆ ತೆಗೆದೆ. ಮತ್ತೆ ಇಳಿಸಿದೆ. ಮತ್ತೆ ತೆಗೆದೆ.

ಮಸಿ ತುಂಬಿ, ಹಳೇ ಧೋತರದ ಚೂರಿನಿಂದ ಒರೆಸಿ
ಕೊನೆಗೆ ಬರೀ ಅಂಗೈಯಿಂದ – ಕೂಸಿನ ಬೆನ್ನಿಗೆ ಎಣ್ಣೆ ಇಳಿಸಿದ ಹಾಗೆ –
ನೆನೆದ ಕಾಗದ ಹೊದಿಸಿ ಚಕ್ರ ತಿರುಗಿಸಿದೆ.

ಬಣ್ಣ ಉಚ್ಚೆಂಗೆಪ್ಪನವರದು.
ಮಂಡಿಪೇಟೆಯ ಸ್ಟುಡಿಯೋದಲ್ಲಿ ಮೂವತ್ತು ವರ್ಷ
ಕಪ್ಪುಬಿಳುಪು ಮದುವಣಗಿತ್ತಿಯರ ತುಟಿಗೆ ಕೆಂಪು ಕೊಟ್ಟ ಕೈ.
ಸೀರೆ ಯಾವ ಬಣ್ಣದ್ದಿತ್ತು ಅಂತ ಕೇಳುತ್ತಲೇ ಇರಲಿಲ್ಲವಂತೆ:
'ತವರಿನೋರು ಕೊಟ್ಟಿದ್ದಕ್ಕಿಂತ ಒಂದು ತೂಕ ಹೆಚ್ಚೇ ಹಚ್ತಿದ್ದೆ.'
ಈಗ ಕುಂಚವನ್ನು ತುಟಿಗೆ ತಾಗಿಸಿ ಮೊನೆ ಮಾಡಿ
ಒಂದು ಪ್ರತಿಗೆ ಬಳೆ ಹಸಿರು, ಇನ್ನೊಂದಕ್ಕೆ ನೀಲಿ.
ಬೆಂಕಿಗೆ ಎಂದೂ ಕೆಂಪಲ್ಲ, ಅರಿಶಿನದ ತೆಳು ನೀರು,
ಅದರೊಳಗೆ ಒಂದೇ ಚುಕ್ಕೆ ನೇರಳೆ.
'ಹನ್ನೆರಡೂ ಒಂದೇ ಥರ ಇರಬೇಕಲ್ಲ' ಎಂದೆ.
'ಯಾಕೆ, ಅವಳು ದಿನಾ ಒಂದೇ ಥರ ಇರ್ತಾಳೇನು?'

ಏಳು ಪ್ರತಿ ಹಗ್ಗದ ಮೇಲೆ, ಕ್ಲಿಪ್ಪಿಗೆ ಜೋತು.
ಜೈತೂನಬಿ ಬಂದಳು ಮೈಯ ಹೊಟ್ಟು ಕೊಡವುತ್ತ,
ನಿಂತಳು. ತಲೆ ವಾಲಿಸಿದಳು.
'ಇದು ನಾನಲ್ಲ ಬಿಡ್ರಿ ಅಕ್ಕಾರೆ. ಈಕಿ ಬಲಗೈಯಾಕಿ.'

ಅಚ್ಚು ತಿರುವುತ್ತದೆ. ಕಾಲೇಜಿನ ಮೊದಲ ಪಾಠವೇ ಅದು.
ಅಂಗಡಿ ಬೋರ್ಡು ಇದ್ದಿದ್ದರೆ ಮರೆಯದೆ
ಅಕ್ಷರ ಉಲ್ಟಾ ಬರೆಯುತ್ತಿದ್ದೆ.
ಕೈಯನ್ನು ಮಾತ್ರ –

ಅವಳು ಲೆಕ್ಕ ಒಪ್ಪಿಸಿದಳು, ಎಡಗೈಗೆ ಬಿದ್ದದ್ದನ್ನೆಲ್ಲ:
ಊಟಕ್ಕೆ ಕೂತಾಗ ಅಮ್ಮಿಯ ಸೌಟು,
ಉರ್ದು ಶಾಲೆಯ ಸ್ಕೇಲು, ಆಮೇಲೆ ಅತ್ತೆಯ ಕಣ್ಣು.
'ಈ ಬೆಂಕಿ ಮುಂದ ಮಾತ್ರ ಯಾರೂ ಏನೂ ಅಂದಿಲ್ಲ ನೋಡ್ರಿ.
ಮರಳಿಗೆ ಎಡ ಬಲ ಎಲ್ಲಿ ತಿಳೀತೈತಿ?'

ಮೇಜಿನ ಮೇಲಿದ್ದ ತಗಡನ್ನು ಎತ್ತಿ ಬೆಳಕಿಗೆ ಹಿಡಿದಳು,
ಓರೆ ಮಾಡಿದಳು, ಮಸಿ ಉಳಿದ ಗೆರೆ ಕಾಣುವ ತನಕ.
'ಇಲ್ಲಿ ಸರಿ ಅದೀನಿ.
ಕಾಗದ ನೀವಿಟ್ಕೊಳ್ರಿ. ಇದು ಕೊಡ್ತೀರೇನು?'

ಇನ್ನೂ ಐದು ಒತ್ತಬೇಕಿತ್ತು. ಒತ್ತಿದ ಏಳರ ಅಂಚಿಗೂ
ಪೆನ್ಸಿಲಿನಲ್ಲಿ ಬರೆದಾಗಿತ್ತು: ಹನ್ನೆರಡರಲ್ಲಿ ಒಂದು, ಹನ್ನೆರಡರಲ್ಲಿ ಎರಡು.
ಉಚ್ಚೆಂಗೆಪ್ಪನವರು ಕುಂಚ ತೊಳೆಯುತ್ತ
ಲೋಟದ ನೀರನ್ನೇ ನೋಡುತ್ತಿದ್ದರು.
ಸೀಮೆಎಣ್ಣೆಯಲ್ಲಿ ಒರೆಸಿ, ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟೆ.

ಕೊಳ್ಳುವವರು ಕೇಳುತ್ತಾರೆ ಉಳಿದ ಐದು ಎಲ್ಲಿ ಎಂದು.

ಭಟ್ಟಿಯ ಗೋಡೆಯಲ್ಲಿ, ಗಡಿಯಾರದ ಕೆಳಗೆ ಮೊಳೆ ಹೊಡೆದು ತೂಗಿದ್ದಾಳೆ.
ದಿನವೂ ಒಂದಿಷ್ಟು ಮಸಿ ಹಿಡಿಯುತ್ತದೆ.
ವಾರಕ್ಕೊಮ್ಮೆ ಸೆರಗಿನಿಂದ ಒರೆಸುತ್ತಾಳೆ,
ಗೆರೆಯೊಳಗಿನದು ಗೆರೆಯೊಳಗೇ ಉಳಿಯುತ್ತದೆ.